ತಾರೀಖಿಲ್ಲದ ಫಿಲ್ಟರು

ನೆಬ್ರಾಸ್ಕಾದ ಮನೆಯಂಗಳದಲ್ಲಿ ಲೋರ್ನಾ ತನ್ನ ಪಿಕಪ್ ಗಾಡಿಯ ಅಡಿಯಲ್ಲಿ ಅಂಗಾತ ಮಲಗಿದ್ದಳು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅಪ್ಪ ಆರ್ವಿಲ್ ಗದರುತ್ತಿದ್ದ. ನಲವತ್ತು ವರ್ಷ ಗ್ಯಾರೇಜು ನಡೆಸಿದವನಿಗೆ ಈಗ ಬೆಳಿಗ್ಗೆ ತಿಂದದ್ದೂ ನೆನಪಿರುವುದಿಲ್ಲ. ಆದರೆ ಪೆಟ್ರೋಲು ಸೋಸುವ ಫಿಲ್ಟರನ್ನು ಬದಲಿಸುವ ಕೆಲಸದಲ್ಲಿ ಒಂದನ್ನೂ ಮರೆಯುವವನಲ್ಲ.

“ಪಂಪಿನ ಫ್ಯೂಸ್ ಕಿತ್ತು, ಇಂಜಿನ್ ತಾನಾಗೇ ನಿಲ್ಲೋವರ್ಗೂ ಓಡಿಸ್ದೆ ತಾನೇ? ಇಲ್ಲಾಂದ್ರೆ ಪೆಟ್ರೋಲು ಮುಖಕ್ಕೇ ಚಿಮ್ಮುತ್ತೆ!”

“ಓಡಿಸ್ದೆ ಅಪ್ಪಾ.”

“ಹೊಸ ಫಿಲ್ಟರ್ ಮೇಲಿನ ಬಾಣದ ಗುರ್ತು ಯಾವ ಕಡೆಗಿದೆ?”

“ಇಂಜಿನ್ ಕಡೆಗೆ.”

“ಪರ್ವಾಗಿಲ್ವೇ, ತಲೇಲಿ ಬರೀ ಜೇಡಿಮಣ್ಣಿಲ್ಲ. ಹಳೇದನ್ನ ಇತ್ಲಾಗೆ ಕೊಡು.”

ಫಿಲ್ಟರನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆಂದು, ಹಾಕಿದ ದಿನವನ್ನು ಅದರ ಮೇಲೆ ಬರೆದಿಡಬೇಕೆಂದು ಕಲಿಸಿದವನೂ ಅವನೇ. ಹಳೆಯದರ ಮೇಲೆ ಲೋರ್ನಾಳದೇ ಅಕ್ಷರದಲ್ಲಿ ಕಳೆದ ತಿಂಗಳ ತಾರೀಖಿತ್ತು. ಅದನ್ನು ಬಟ್ಟೆಯಿಂದ ಉಜ್ಜಿ ಅಳಿಸಿ ಅವನ ಕೈಗಿಟ್ಟಳು.

ಆರ್ವಿಲ್ ಅದನ್ನು ಬೋಗುಣಿಗೆ ಬಗ್ಗಿಸಿದ. ತಿಳಿನೀರಿನಂಥ ಪೆಟ್ರೋಲು ಸುರಿಯಿತು.

“ಥೂ, ಎಷ್ಟು ಗಲೀಜು ನೋಡೇ! ನಾನಿಲ್ದಿದ್ರೆ ನಿನ್ನ ಗಾಡಿ ನಡುದಾರೀಲಿ ಕೈಕೊಡ್ತಿತ್ತು.”

“ಹೂಂ ಅಪ್ಪಾ, ನೀನಿದ್ದದ್ದಕ್ಕೆ ಬಚಾವು.”

“ಹೊಸದಕ್ಕೆ ತಾರೀಖು ಬರ್ದ್ಯಾ?”

“ಬರ್ದೆ,” ಎಂದು ಲೋರ್ನಾ, ಪೆನ್ನನ್ನು ಮುಚ್ಚಳವನ್ನೂ ತೆಗೆಯದೆ ಜೇಬಿಗಿಳಿಸಿದಳು.