ಬೆರಳಿಗೆ ಸಿಕ್ಕ ಮೊಟ್ಟೆ

ಕೋಳಿ ಕೆಂಪಿಯನ್ನು ಎಡಗಂಕುಳಲ್ಲಿ ಅವುಚಿಕೊಂಡು ವನಜಾ ಬಾಲದಡಿ ಕಿರುಬೆರಳಲ್ಲಿ ತಡವಿ ನೋಡಿದಳು. ಮೊಟ್ಟೆ ಇತ್ತು. ಸ್ವಲ್ಪ ಮೆತ್ತಗಿದೆ ಅನ್ನಿಸಿತು, ಆದರೂ ಇತ್ತು. ಇನ್ನೊಂದು ಕೋಳಿ ಚುಕ್ಕಿಗೂ ಇತ್ತು. ಮದುವೆಯಾಗಿ ಪಟ್ಟಂದೂರು ಅಗ್ರಹಾರಕ್ಕೆ ಬಂದ ವರ್ಷ ಅತ್ತೆ ಪಿಳ್ಳಮ್ಮ ಕಲಿಸಿಕೊಟ್ಟ ವಿದ್ಯೆ ಇದು. ಬೆಳಿಗ್ಗೆ ಬೆರಳಿಗೆ ಸಿಕ್ಕ ಮೊಟ್ಟೆ ಮಧ್ಯಾಹ್ನದೊಳಗೆ ಹುಲ್ಲಿನ ಬುಟ್ಟಿಯಲ್ಲಿ ಇರಲೇಬೇಕು.

"ಎರಡೈತೆ ಅತ್ತೆ. ಇವತ್ತು ಅದ್ಯಾರ ಪಾಲಾಯ್ತದೋ ನೋಡೇಬಿಡ್ತೀನಿ."

ಒಂಬತ್ತು ದಿನದ ಹಿಂದೆ ಮಗಳು ಮಂಜುಶ್ರೀ ಮೈನೆರೆದಿದ್ದಳು. ದಿನಾ ಬೆಳಿಗ್ಗೆ ಒಂದು ನಾಟಿ ಮೊಟ್ಟೆಯನ್ನು ಹಸಿಯಾಗಿಯೇ ಕುಡಿಸಿ, ಮೇಲೆ ಅದೇ ಚಿಪ್ಪಿನ ತುಂಬ ಎಳ್ಳೆಣ್ಣೆ ಕೊಡಬೇಕು. ಹುಡುಗಿಯ ಸೊಂಟ ಗಟ್ಟಿಯಾಗಬೇಕಲ್ಲ. ಇದಕ್ಕೆ ಅಂಗಡಿಯ ಬಿಳಿ ಮೊಟ್ಟೆ ನಡೆಯುವುದಿಲ್ಲ. ನಾಲ್ಕು ದಿನ ಕುಡಿಸಿದ್ದಾಯಿತು. ಆಮೇಲಿಂದ ಬುಟ್ಟಿ ಖಾಲಿ. ಮನೆಯಲ್ಲಿ ಇದರಿಂದ ಖುಷಿಪಟ್ಟವಳು ಮಂಜುಶ್ರೀ ಒಬ್ಬಳೇ.

ವನಜಾಳ ಅನುಮಾನವೆಲ್ಲ ಮೆಟ್ಟಿಲ ಪಕ್ಕದ ಬಾಡಿಗೆ ರೂಮಿನ ರುಕ್ಮವ್ವನ ಮೇಲೆ. ರಾಯಚೂರು ಕಡೆಯ ಮುದುಕಿ. ಮಗಳು ಐಟಿ ಪಾರ್ಕಿಗೆ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋದರೆ ಸಂಜೆಯವರೆಗೂ ಒಬ್ಬಳೇ ಬಾಗಿಲಲ್ಲಿ ಕೂತಿರುತ್ತಾಳೆ, ಕೋಳಿಗೂಡಿಗೆ ಎದುರಾಗಿ. ಸೋಮವಾರ ಅವಳೇ ಕೇಳಿದ್ದಳು: "ತಂಗಿ, ಕೋಳಿಗೆ ಏನೇನ್ ಹಾಕ್ತೀರಿ? ತತ್ತಿ ಎಷ್ಟೊತ್ತಿಗೆ ಇಡ್ತಾವ?" ಅವಳಿಗ್ಯಾಕೆ ಆ ಉಸಾಬರಿ? "ನಮ್ ಕೋಳಿ ನಮಗ್ಗೊತ್ತು" ಎಂದು ವನಜಾ ಮಾತು ಮುರಿದಿದ್ದಳು.

"ಅವ್ರು ಲಿಂಗ ಕಟ್ಟೋರು ಕಣೇ, ಮೊಟ್ಟೆ ಮುಟ್ಟಾಕಿಲ್ಲ," ಎಂದರು ಪಿಳ್ಳಮ್ಮ, ಎಲೆಗೆ ಸುಣ್ಣ ಸವರುತ್ತ.

"ತಿನ್ನಾಕಲ್ಲ, ಮಾರಾಕೆ. ನಾಟಿ ಮೊಟ್ಟೆ ಅಂದ್ರೆ ಅಪಾರ್ಟ್‌ಮೆಂಟಿನೋರು ಕಣ್ಣಿಗೊತ್ಕೊಂಡು ತಗೊಂತಾರೆ."

"ಕಣ್ಣಾರೆ ಕಂಡಂಗೆ ಯೋಳ್ತೀಯಲ್ಲ."

"ಬೆರಳು ಸುಳ್ಳು ಯೋಳ್ತದಾ ಅತ್ತೆ? ನೀವೇ ಕಲ್ಸಿದ್ದು."

ಪಿಳ್ಳಮ್ಮ ಎಲೆಯನ್ನು ದವಡೆಗೆ ಒತ್ತರಿಸಿಕೊಂಡರು.

ಸಾರಿಗೆ ಒಗ್ಗರಣೆ ಹಾಕಿ ವನಜಾ ಹೊರಗೆ ಬರುವಷ್ಟರಲ್ಲಿ ಬುಟ್ಟಿ ಮತ್ತೆ ಖಾಲಿ. ಹುಲ್ಲು ಒಂದಿಷ್ಟು ಒದ್ದೆಯಾಗಿತ್ತು. ತಿರುಗಿ ನೋಡಿದರೆ ರುಕ್ಮವ್ವನ ಹೊಸ್ತಿಲ ಮುಂದೆ, ಪೇಪರಿನ ಮೇಲೆ, ಬಿಸಿಲಿಗೆ ಹರವಿದ ಮೊಟ್ಟೆಚಿಪ್ಪು!

"ಮೊಟ್ಟೆ ಮುಟ್ಟದೋರು! ಇದೇನಮ್ಮ ಇದು?"

ರುಕ್ಮವ್ವ ಮೂಗಿಗೆ ಸೆರಗು ಕಟ್ಟಿಕೊಂಡು, ಗುಂಡುಕಲ್ಲು ಹಿಡಿದೇ ಹೊರಗೆ ಬಂದಳು. "ನಿಮ್ವಲ್ಲ ತಂಗಿ. ಎಗ್‌ರೈಸ್ ಗಾಡಿಯವನ ಕಡಿಂದ ತಂದೀನಿ. ಬಿಳೀವು ನೋಡ್ರಿ."

"ಯಾಕೆ, ಪೂಜೆಗಾ?"

ಮುದುಕಿಯ ಮುಖ ಸಣ್ಣದಾಯಿತು. "ನಿಮ್ಮ ಕೋಳಿಗೇ. ಪುಡಿ ಮಾಡಿ ಹಾಕ್ಬೇಕಂತ. ಸುಣ್ಣದಂಶ ಸಾಲವಲ್ದು ಅವಕ್ಕ. ತತ್ತಿ ತೊಗಲಿನ್ಹಾಂಗ ಬರಾಕ ಹತ್ಯಾವು. ಇಟ್ಟ ಕೂಡ್ಲೆ ತಾವ ಕುಕ್ಕಿ ತಿಂತಾವ."

"ಕೋಳಿ ತನ್ನ ಮೊಟ್ಟೆ ತಾನೇ ತಿಂತದಂತೆ! ಕೇಳಿದ್ರಾ ಅತ್ತೆ? ಚೆನ್ನಾಗೈತೆ ಕಥೆ. ತಿಂಗಳಾಗ್ತಿದ್ದಂಗೆ ರೂಮು ಖಾಲಿ ಮಾಡಿ."

ಸಂಜೆಯೊಳಗೆ 'ಮನೆ ಬಾಡಿಗೆಗಿದೆ' ಎಂಬ ತಗಡಿನ ಬೋರ್ಡು ಗೇಟಿಗೆ ಬಿತ್ತು.

ಮರುದಿನ ಕೆಂಪಿಗೆ ಮಾತ್ರ ಇತ್ತು. ಈ ಸಲ ವನಜಾ ಜಾಗ ಬಿಟ್ಟು ಕದಲಲಿಲ್ಲ. ಅವರೆಕಾಯಿಯ ಮೊರ ತಂದುಕೊಂಡು ಮೆಟ್ಟಿಲ ಮೇಲೆ ಕೂತಳು. ರುಕ್ಮವ್ವನ ಬಾಗಿಲು ಹಾಕಿತ್ತು. ಒಳಗಿನಿಂದ ಪಾತ್ರೆಗಳನ್ನು ಚೀಲಕ್ಕೆ ತುಂಬುವ ಸದ್ದು.

ಹತ್ತೂವರೆಗೆ ಕೆಂಪಿ ಬುಟ್ಟಿಯಲ್ಲಿ ಎದ್ದು ನಿಂತಿತು. ಕೆಳಗೆ ಬಿದ್ದದ್ದಕ್ಕೆ ಗಟ್ಟಿ ಚಿಪ್ಪೇ ಇರಲಿಲ್ಲ. ನೀರು ತುಂಬಿದ ಪುಟ್ಟ ಚೀಲದಂತೆ ತೊನೆಯಿತು. ಕೆಂಪಿ ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ಅದನ್ನು ನೋಡಿ, ಕುಕ್ಕಿತು. ಚುಕ್ಕಿ ಓಡಿಬಂತು. ವನಜಾ ಮೊರ ಕೆಳಗಿಟ್ಟು ಏಳುವಷ್ಟರಲ್ಲಿ ಪೊರೆಯೂ ಉಳಿಯಲಿಲ್ಲ. ಕೆಂಪಿ ಸಿಮೆಂಟಿನ ನೆಲಕ್ಕೆ ಕೊಕ್ಕನ್ನು ಆ ಕಡೆ ಒಮ್ಮೆ ಈ ಕಡೆ ಒಮ್ಮೆ ಉಜ್ಜಿಕೊಂಡಿತು.

ವನಜಾ ತನ್ನ ಕಿರುಬೆರಳನ್ನು ನೋಡಿಕೊಂಡಳು. ಅಂಗಳ ಮಣ್ಣಿನದಾಗಿದ್ದಾಗ ಕೋಳಿಗಳು ಹಳೆಯ ಗೋಡೆಯ ಬುಡ ಕೆದಕಿ ಉದುರಿದ ಸುಣ್ಣವನ್ನು ಹೆಕ್ಕುತ್ತಿದ್ದವು. ಆ ಗೋಡೆ ಕೆಡವಿ, ಸಿಮೆಂಟು ಬಳಿದು, ಮೂರು ರೂಮು ಎಬ್ಬಿಸಿ ವರ್ಷವಾಗಿತ್ತು.

"ಸಿಕ್ಕಿದ್ನಾ ಕಳ್ಳ?" ಒಳಗಿನಿಂದ ಪಿಳ್ಳಮ್ಮ ಕೂಗಿದರು.

ವನಜಾ ಬಾಡಿಗೆ ರೂಮಿನತ್ತ ಹೋದಳು. ರುಕ್ಮವ್ವನ ಹೊಸ್ತಿಲಲ್ಲಿ ಒಂದು ಪೇಪರಿನ ಪೊಟ್ಟಣವಿತ್ತು. ಬಿಚ್ಚಿದಳು. ರವೆಯಷ್ಟು ಸಣ್ಣಗೆ ಕುಟ್ಟಿದ ಚಿಪ್ಪಿನ ಪುಡಿ. ಹಾಕಲು ಏನಾದರೂ ಬೇಕೆಂದು ಸುತ್ತ ನೋಡಿದಳು. ಗೇಟಿನವರೆಗೆ ಹೋಗಿ ದಾರ ಬಿಚ್ಚಿ ಬೋರ್ಡನ್ನು ತಂದಳು. ಅದನ್ನು ಮಗುಚಿ ನೆಲಕ್ಕಿಟ್ಟು, ಅದರ ಬೆನ್ನಿನ ಮೇಲೆ ಪುಡಿ ಸುರಿದಳು.

ಕೋಳಿಗಳು ಬಂದವು. ತಗಡಿನ ಮೇಲೆ ಟಕ್ ಟಕ್ ಎಂದು ಕೊಕ್ಕಿನ ಸದ್ದು ಶುರುವಾಯಿತು. ರೂಮಿನೊಳಗೆ ಪಾತ್ರೆಗಳ ಸದ್ದು ನಿಂತಿತು.