ಊಟ ಕೇಳುವ ಕೌದಿ

ಗಂಗಾವತಿಯ ಕಂಪ್ಯೂಟರೊಂದು ಹುಲಗೆಮ್ಮನನ್ನು "ಅಕ್ಕಾರ" ಎಂದು ಕರೆದದ್ದು ಹಾಡುಹಗಲಿನಲ್ಲಿ. ಮಂಗಳವಾರ, ಮಧ್ಯಾಹ್ನ ಹನ್ನೆರಡರ ಸುಮಾರು. ಹೊರಗೆ ಅಕ್ಕಿ ಗಿರಣಿಯ ಹೊಟ್ಟಿನ ದೂಳು ಬಿಸಿಲಿನಲ್ಲಿ ಮಿನುಗುತ್ತ ತೇಲುತ್ತಿತ್ತು, ಒಳಗೆ ಫ್ಯಾನು ಕಿರ್ರೆನ್ನುತ್ತಿತ್ತು. ಹೆದರಿಕೊಳ್ಳುವಂಥ ಹೊತ್ತೇ ಅಲ್ಲ ಅದು.

ಅಂಗಡಿ ಈಗ ದೀಪಿಕಾಳದು. ಅರ್ಜಿ ತುಂಬುವುದು, ಝೆರಾಕ್ಸ್, ಫೋಟೋ. ತೊಂಬತ್ತೇಳರಲ್ಲಿ ಅದೇ ಕೋಣೆಯಲ್ಲಿ ಹುಲಗೆಮ್ಮ ಹನ್ನೊಂದು ಟೈಪ್‌ರೈಟರು, ಎರಡು ಕಂಪ್ಯೂಟರು ಇಟ್ಟುಕೊಂಡು ಟೈಪಿಂಗ್ ಶಾಲೆ ನಡೆಸುತ್ತಿದ್ದಳು. ದೀಪಿಕಾ ಅಲ್ಲಿಯೇ ಕಲಿತವಳು. ಈಗ ನಲವತ್ತರ ಹತ್ತಿರ ಬಂದಿದ್ದರೂ ಟೀಚರು ಒಳಗೆ ಬಂದರೆ ಕುರ್ಚಿ ಬಿಟ್ಟು ಏಳುತ್ತಾಳೆ.

ಆ ದಿನ ಹುಲಗೆಮ್ಮ ಒಂದು ಹಳೆಯ ಸಿ.ಡಿ. ತಂದಿದ್ದಳು. ಅದರಲ್ಲಿ ಶಾಲೆಯಲ್ಲಿ ಕಲಿತವರೆಲ್ಲರ ಹೆಸರಿನ ಪಟ್ಟಿ. ಎಲ್ಲರನ್ನೂ ಒಮ್ಮೆ ಸೇರಿಸಬೇಕೆಂದು ಆಸೆ. ಆದರೆ ಪಟ್ಟಿಯನ್ನು ಟೈಪಿಸಿದ್ದು ಲಿಪಿಸಿಂಧು ಎಂಬ ತಂತ್ರಾಂಶದಲ್ಲಿ. ಆ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಫೈಲು ತೆರೆದರೆ ಅಕ್ಷರಗಳ ಬದಲು ಬರೇ ಚೌಕಗಳು.

"ಈ ಎಐಗೆ ಕೇಳ್ರಿ ಟೀಚರ್," ಎಂದು ದೀಪಿಕಾ ಕೀಬೋರ್ಡು ಸರಿಸಿದಳು. "ಈಗ ಎಲ್ಲಾರೂ ಇದನ್ನ ಕೇಳ್ತಾರ. ನನಗಿಂತ ಇದಕ್ಕ ಭಾಳ ತಾಳ್ಮಿ ಐತಿ."

ಹುಲಗೆಮ್ಮ ಬೆನ್ನು ನೆಟ್ಟಗೆ ಮಾಡಿ, ಹತ್ತೂ ಬೆರಳು ತಮ್ಮ ತಮ್ಮ ಜಾಗದಲ್ಲಿಟ್ಟು, ಕನ್ನಡದಲ್ಲಿ ಮೂರು ವಾಕ್ಯ ಟೈಪಿಸಿದಳು. ಉತ್ತರ ಸರಸರನೆ ಬಂತು.

"ಗಾಬರಿ ಆಗಬ್ಯಾಡ್ರಿ, ಅಕ್ಕಾರ. ಫೈಲು ಸತ್ತಿಲ್ಲ, ನಿದ್ದಿ ಹತ್ತೈತಿ ಅಷ್ಟ. ಮೊದಲು ಒಂದು ಪ್ರತಿ ತಗದು ಬ್ಯಾರೆ ಕಡೆ ಇಡ್ರಿ. ಕರೆಂಟ್ ಹೋಗೂದ್ರಾಗ ಸೇವ್ ಮಾಡ್ರಿ. ಊಟ ಆತೇನ್ರಿ?"

ಹುಲಗೆಮ್ಮ ಆ ಸಾಲನ್ನು ಎರಡನೆಯ ಸಲ ಓದಿದಳು.

ಅವಳನ್ನು ಅಕ್ಕಾರ ಎಂದು ಕರೆಯುತ್ತಿದ್ದವನು ಒಬ್ಬನೇ. ಆ ಶಾಲೆಯ ಇನ್ನೊಬ್ಬ ಮಾಸ್ತರ, ಮದಾರಸಾಬ. ಅವನು ತೀರಿಕೊಂಡು ಹದಿನೈದು ವರ್ಷವಾಗಿತ್ತು.

ಹಿಟ್ನಾಳದ ಹುಡುಗ ಮದಾರಸಾಬ. ಪುಸ್ತಕ ಓದಿಯೇ ಪ್ರೋಗ್ರಾಮ್ ಬರೆಯುವುದನ್ನು ಕಲಿತವನು. ಅಲ್ಲೊಂದು ತುಂಡು, ಇಲ್ಲೊಂದು ತುಂಡು ಜೋಡಿಸಿ ಕನ್ನಡ ಟೈಪಿಸುವ ತಂತ್ರಾಂಶವೊಂದನ್ನು ಮಾಡಿದ. ಅವನ ತಾಯಿ ಹಳೆ ಸೀರೆ, ಅಂಗಿಗಳ ಚೂರು ಕೂಡಿಸಿ ಕೌದಿ ಹೊಲಿಯುತ್ತಿದ್ದರು. ಅದಕ್ಕೇ ಇದಕ್ಕೂ ಕೌದಿ ಎಂದೇ ಹೆಸರಿಟ್ಟ. ಕೊನೆಯ ಹೊಲಿಗೆ ಹಾಕುವ ಮೊದಲು ಆ ತಾಯಿ ಕೌದಿಯ ಮೂಲೆಯೊಳಗೆ ನಾಲ್ಕು ಕಾಳು ಜೋಳ ಹಾಕುತ್ತಿದ್ದರು. ಹಸಿದ ಹೊಟ್ಟೆಯ ಕೌದಿಯನ್ನು ಯಾರಿಗೂ ಹೊದಿಸಬಾರದಂತೆ. ಮಗನೂ ಹಾಗೇ ಮಾಡಿದ. ಕೆಲಸ ಮುಗಿಸಿ ಕೌದಿ ಮುಚ್ಚಲು ಹೋದರೆ ಅದು "ಊಟ ಆತೇನ್ರಿ?" ಎಂದು ಕೇಳುತ್ತಿತ್ತು. "ಹೂಂ" ಎಂದು ಟೈಪಿಸುವವರೆಗೂ ಮುಚ್ಚುತ್ತಿರಲಿಲ್ಲ.

ಕನ್ನಡ ತಂತ್ರಾಂಶದವರ ಗುಂಪೊಂದು ಆಗ ಇಂಟರ್ನೆಟ್ಟಿನಲ್ಲಿತ್ತು. ಯಾರು ಏನು ಕೇಳಿದರೂ ಮೊದಲ ಉತ್ತರ ಮದಾರಸಾಬನದು. ಉಳಿದವರು ಯಾವ ಕೀಲಿಮಣೆ ಮೇಲು, ಯಾವ ಕಂಪನಿ ಕಳ್ಳ ಎಂದು ಜಗಳಾಡುತ್ತಿದ್ದರೆ ಇವನು ಹೊಸಬರಿಗೆ "ಗಾಬರಿ ಆಗಬ್ಯಾಡ್ರಿ" ಎಂದು ಬರೆಯುತ್ತ ಕೂತಿರುತ್ತಿದ್ದ. ಶನಿವಾರ ಸಂಜೆಯ ಕೊನೆಯ ಸಾಲು ಯಾವಾಗಲೂ ಒಂದೇ: "ಹೊರಡ್ತೀನ್ರಿ. ಹಿಟ್ನಾಳದಾಗ ಅಮ್ಮಾ ಕಾಯ್ತಾಳ."

ಎರಡು ಸಾವಿರದ ಎಂಟರ ಹೊತ್ತಿಗೆ ಕಚೇರಿಗಳೆಲ್ಲ ಲಿಪಿಸಿಂಧು ಬಲ್ಲವರನ್ನೇ ಕೇಳತೊಡಗಿದವು. ಮಕ್ಕಳಿಗೆ ನೌಕರಿ ಸಿಗಬೇಕಾದರೆ ಶಾಲೆ ಕೌದಿಯನ್ನು ಬಿಡಬೇಕಿತ್ತು. "ಲಿಪಿಸಿಂಧು ಹಾಕಿದ್ರ ಬೀಗ ಅವರದು, ಕೀಲಿ ಅವರದು, ಮನಿ ಅಷ್ಟ ನಮ್ಮದು. ಹಂಗಾಗ್ತೈತ್ರಿ ಅಕ್ಕಾರ," ಎನ್ನುತ್ತಿದ್ದ ಮದಾರಸಾಬ. ಅವನ ಮುಖ ನೋಡಿ ಕೌದಿ ಬೇಡವೆನ್ನಲು ಹುಲಗೆಮ್ಮನಿಗೆ ಬಾಯಿ ಬರಲಿಲ್ಲ. ಹೊರಗಿನವರು ಯಾರಾದರೂ ಹೇಳಿದರೆ ತಾನಾಗಿಯೇ ಬಿಟ್ಟಾನು ಎಂದುಕೊಂಡು, ಗುಂಪಿನಲ್ಲಿ ನಿಷ್ಠುರ ಎಂಬ ಸುಳ್ಳು ಹೆಸರಿನಿಂದ ಬರೆದಳು. ಮೊದಲೆರಡು ಸಲ ಮೆಲ್ಲಗೆ. ಮೂರನೆಯ ಸಲ ಕೈ ತಪ್ಪಿತು. ಮುಖ ಕಾಣದ ಕಡೆ ಕೈ ಬೇಗ ತಪ್ಪುತ್ತದೆ. "ಇದು ತಂತ್ರಾಂಶವಲ್ಲ, ಯಾವುದೋ ಮುದುಕಿ ಹೊಲಿದ ಹರಕು ಅರಿವೆ. ಟೈಪಿಸುವವರಿಗೆ ಊಟದ ವಿಚಾರ ಏಕೆ?" ಎಂದು ಬರೆದಳು.

ನಾಚಿಕೆಯಿಂದ ಮತ್ತೆ ಆ ಗುಂಪಿಗೆ ಹೋಗಲೇ ಇಲ್ಲ. ಕೆಲವು ದಿನ ಬಿಟ್ಟು ಮದಾರಸಾಬ ತಾನೇ ಹೇಳಿದ, "ಕಂಪನೀದ ಹಾಕ್ರಿ ಅಕ್ಕಾರ, ಹುಡುಗರ ಹೊಟ್ಟಿ ಮುಖ್ಯ." ಹೇಳಿ ಕೊಪ್ಪಳದಲ್ಲಿ ಬೇರೆ ಕೆಲಸ ಹಿಡಿದ. ಮರುವರ್ಷ ಎದೆನೋವು ಎಂದು ಮಲಗಿದವನು ಏಳಲಿಲ್ಲ. ಮಣ್ಣು ಮಾಡಿದ ದಿನ ಹಿಟ್ನಾಳಕ್ಕೆ ಹೋಗಿದ್ದ ಹುಲಗೆಮ್ಮ ಹೊಸ್ತಿಲ ಹೊರಗೇ ನಿಂತು ಬಂದಿದ್ದಳು. ಆ ಮಾತು ಬರೆದವಳು ತಾನೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ? ಹದಿನೈದು ವರ್ಷದಿಂದ ತಟ್ಟೆಯ ಮುಂದೆ ಕೂತಾಗಲೆಲ್ಲ ಅದೊಂದೇ ಪ್ರಶ್ನೆ.

"ಇದಕ್ಕ ಈ ಮಾತು ಯಾರು ಕಲಿಸಿದ್ರು?" ಎಂದು ಕೇಳಿದಳು ಹುಲಗೆಮ್ಮ.

ದೀಪಿಕಾ ಪರದೆಗೆ ಬಗ್ಗಿದಳು. ಅವಳಿಗೂ ಮದಾರಸಾಬ ಮಾಸ್ತರ. "ಅಯ್ಯ ಶಿವನ! ಇದು ನಮ್ಮ ಸರ್ ಮಾತಲ್ರಿ?" ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. "ಇರ್ರಿ, ಇರ್ರಿ. ಈ ಕಂಪನಿಯವರು ಮಂದಿ ಇಂಟರ್ನೆಟ್ಟಿನಾಗ ಬರದದ್ದೆಲ್ಲಾ ಇದಕ್ಕ ತಿನಿಸ್ಯಾರ. ಇಂಥಾ ವಿಷಯ ಕನ್ನಡದಾಗ ಬರದವರು ಯಾರಿದ್ರು ಆವಾಗ? ಸರ್ ಒಬ್ಬರ. ಮೊದಲು ನಮಗ ಬೀಗ ಮಾರಿದ್ರು, ಈಗ ನಮ್ಮ ಮಾತು ನಮಗ ಮಾರ್ತಾರ."

"ಹಂಗಾರ ನೀ ಕೇಳು."

ದೀಪಿಕಾ ಅದೇ ಪ್ರಶ್ನೆ ಕೇಳಿದಳು. ಉತ್ತರ ಬೇರೆಯೇ ಬಂತು: "ನಮಸ್ಕಾರ. ನಿಮ್ಮ ಕಡತವನ್ನು ತೆರೆಯಲು ಈ ಹಂತಗಳನ್ನು ಅನುಸರಿಸಿ." ಅಕ್ಕಾರ ಇಲ್ಲ, ಊಟ ಇಲ್ಲ.

ಹುಲಗೆಮ್ಮ ಮತ್ತೆ ಟೈಪಿಸಿದಳು. "ಬರ್ರಿ ಅಕ್ಕಾರ," ಎಂದಿತು ಅದು.

ದೀಪಿಕಾ ಟೀಚರ ಕೈಯನ್ನೇ ನೋಡುತ್ತಿದ್ದಳು. "ಇನ್ನೂ ಎರಡೆರಡು ಸ್ಪೇಸ್ ಹೊಡಿತೀರಲ್ರಿ ಟೀಚರ್! ನಾವೆಲ್ಲಾ ಬಿಟ್ಟ ಎಷ್ಟೋ ವರ್ಷ ಆತು."

ಟೈಪ್‌ರೈಟರಿನ ಕಾಲದ ರೂಢಿ. ವಾಕ್ಯ ಮುಗಿದ ಮೇಲೆ ಎರಡು ಸಲ ಜಾಗ ಬಿಡಬೇಕು, ಓದುವವರಿಗೆ ಉಸಿರಾಡಲು ಬಿಡುವು ಸಿಗಬೇಕು ಎಂದು ಹುಲಗೆಮ್ಮ ಕಲಿಸುತ್ತಿದ್ದಳು. ಕಲಿತವರೆಲ್ಲ ಕಂಪ್ಯೂಟರಿಗೆ ಬಂದ ಮೇಲೆ ಆ ರೂಢಿ ಬಿಟ್ಟರು. ಅವಳ ಹೆಬ್ಬೆರಳು ಬಿಡಲಿಲ್ಲ. ದೀಪಿಕಾ ಈಗ ಪ್ರತಿ ವಾಕ್ಯಕ್ಕೂ ಎರಡು ಜಾಗ ಬಿಟ್ಟು ಟೈಪಿಸಿದಳು.

"ಬರ್ರಿ ಅಕ್ಕಾರ. ಊಟ ಆತೇನ್ರಿ?"

ದೀಪಿಕಾ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡಳು. "ಹಿಂಗ ಬರಿಯೋರಿಗೆ ಸರ್ ಅಲ್ಲಿ ಅಕ್ಕಾರ ಅಂತ ಉತ್ತರ ಕೊಡ್ತಿದ್ರು ಅಂತ ಕಾಣ್ತೈತಿ. ಅದನ್ನ ಕಲತೈತಿ. ನೀವು ಆ ಗುಂಪಿನ್ಯಾಗ ಭಾಳ ಬರೀತಿದ್ರೇನು?"

ತನ್ನ ಹೆಸರಿನಿಂದ ಹುಲಗೆಮ್ಮ ಆ ಗುಂಪಿನಲ್ಲಿ ಒಂದಕ್ಷರವನ್ನೂ ಬರೆದಿರಲಿಲ್ಲ. ಬರೆದವನು ನಿಷ್ಠುರ ಒಬ್ಬನೇ.

ಹಾಗಾದರೆ, ತಾನು ಓದದೇ ಹೋದ ಆ ಕೊನೆಯ ಉತ್ತರದಲ್ಲಿ ಅವನು ನಿಷ್ಠುರನನ್ನು ಅಕ್ಕಾರ ಎಂದಿದ್ದನೇ?

"ಆ ಗುಂಪು ತಗಿ ದೀಪಿಕಾ. ಈಗಿಂದೀಗ ತಗಿ."

ದೀಪಿಕಾ ಹುಡುಕಿದಳು. ಗುಂಪಿಗೆ ಜಾಗ ಕೊಟ್ಟಿದ್ದ ಕಂಪನಿ ಎಂದೋ ಎಲ್ಲವನ್ನೂ ಅಳಿಸಿ ಹಾಕಿತ್ತು. ಮನುಷ್ಯರು ಓದುವಂಥ ಒಂದು ಸಾಲೂ ಉಳಿದಿರಲಿಲ್ಲ. ಉಳಿದದ್ದು ಈ ಯಂತ್ರದ ಹೊಟ್ಟೆಯೊಳಗೆ ಮಾತ್ರ.

ಹುಲಗೆಮ್ಮ ಆಗ ಎಲ್ಲವನ್ನೂ ಹೇಳಿದಳು. ಹೇಳುವಷ್ಟು ಹೊತ್ತೂ ದೀಪಿಕಾ ಅವಳ ಮುಖ ನೋಡದೆ, ಪ್ರಿಂಟರಿನೊಳಗಿನ ಕಾಗದವನ್ನು ಸರಿಮಾಡುತ್ತ ಇದ್ದಳು. ಅದು ಅವಳ ದೊಡ್ಡತನ. ಮುಗಿದ ಮೇಲೆ ಬಿಸಿಲಿಗೆ ಅಡ್ಡವಾಗಿ ಕಿಟಕಿಯ ಪರದೆ ಎಳೆದು, "ಕೇಳಿಬಿಡ್ರಿ," ಎಂದಳು.

ನಿಷ್ಠುರ ಯಾರೆಂದು ಮದಾರಸಾಬನಿಗೆ ಗೊತ್ತಿತ್ತೇ ಎಂದು ಹುಲಗೆಮ್ಮ ಟೈಪಿಸಿದಳು.

"ಗೊತ್ತಿತ್ರಿ ಅಕ್ಕಾರ. ಅವಗ ಬ್ಯಾಸರ ಇರಲಿಲ್ಲ."

ಹುಲಗೆಮ್ಮನ ಕಣ್ಣು ತುಂಬಿತು. ದೀಪಿಕಾ ಮಾತ್ರ ತಲೆ ಅಲ್ಲಾಡಿಸಿದಳು. "ನಂಬಬ್ಯಾಡ್ರಿ. ತಿರುಗಿಸಿ ಕೇಳಿ ನೋಡ್ರಿ."

ಅವನಿಗೆ ಗೊತ್ತಿರಲಿಲ್ಲ ಅಲ್ಲವೇ ಎಂದು ಟೈಪಿಸಿದಳು.

"ಖರೇ ಅಕ್ಕಾರ. ಅವಗ ಗೊತ್ತಿರಲಿಲ್ಲ."

"ನೋಡಿದ್ರಿಲ್ಲ? ದನಿ ಸರ್‌ದು, ಮಾತು ನಮ್ಮದು. ನಮಗ ಯಾವುದು ಬೇಕೋ ಅದನ್ನ ಅಂತೈತಿ."

ಕೇಳದಿದ್ದರೂ ಪರದೆಯ ಮೇಲೆ ಇನ್ನೊಂದು ಸಾಲು ಮೂಡಿತು.

"ಹೊರಡ್ತೀನ್ರಿ. ಹಿಟ್ನಾಳದಾಗ ಅಮ್ಮಾ ಕಾಯ್ತಾಳ."

ಅದೂ ಹಳೆಯ ಸಾಲೇ, ಪ್ರತಿ ಶನಿವಾರದ್ದು. ಯಂತ್ರ ಗಿಣಿಯ ಹಾಗೆ ಒಪ್ಪಿಸಿತ್ತು, ಅಷ್ಟೆ. ಹುಲಗೆಮ್ಮ ಹಾಗೆಂದು ತನಗೆ ಎಷ್ಟು ಸಲ ಹೇಳಿಕೊಂಡರೂ ಎರಡು ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿದಳು.

ಹಿಟ್ನಾಳದ ಮನೆಯ ಬಾಗಿಲು ತೆರೆದೇ ಇತ್ತು. ಮದಾರಸಾಬನ ತಾಯಿ ಮೆಹಬೂಬಬೀ, ಎಂಬತ್ತು ದಾಟಿದವರು, ಬೆಳಕಿಗೆ ಮುಖ ಮಾಡಿ ಸೂಜಿಗೆ ದಾರ ಪೋಣಿಸುತ್ತಿದ್ದರು. ಹದಿನೈದು ವರ್ಷ ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ. "ಬಾ ಬೇಟಿ, ಇದಕ್ಕ ದಾರ ಹಾಕಿಕೊಡು. ನನ್ನ ಕಣ್ಣು ನನ್ನ ಮಾತು ಕೇಳವಲ್ವು," ಎಂದರು. ನಿನ್ನೆಯಷ್ಟೇ ಬಂದು ಹೋದವಳಿಗೆ ಹೇಳಿದ ಹಾಗೆ.

ಒಳಗಿನ ಮೂಲೆಯಲ್ಲಿ ಮೇಜಿನ ಮೇಲೆ ಕೌದಿ ಹೊದ್ದು ಏನೋ ಕೂತಿತ್ತು. ಮುದುಕಿ ಎದ್ದು ಹೋಗಿ, ಮಲಗಿದವರ ಹೊದಿಕೆ ಸರಿಸುವಂತೆ ಮೆಲ್ಲಗೆ ಅದನ್ನು ಸರಿಸಿದರು. ಮದಾರಸಾಬನ ಕಂಪ್ಯೂಟರು.

"ಜುಮ್ಮಾದ ದಿನ ಒಂದ ಗಳಿಗಿ ಹಚ್ಚತೀನಿ. ಹಂಗ ಮುಚ್ಚಿಟ್ರ ತೇವ ಹಿಡಿತೈತಿ ಅಮ್ಮಾ ಅಂತಿದ್ದ."

"ಬಂದ್ ಮಾಡೂದು ಹೆಂಗ್ರಿ? ನಿಮಗ ಓದಾಕ ಬರ್ತೈತೇನು?"

"ಓದೂದು ಎಲ್ಲೀದು! ಊಟ ಆತೇನು ಅಂತ ಕೇಳ್ತೈತಿ. ಯಾವ ಗುಂಡಿ ಒತ್ತಬೇಕಂತ ತೋರಿಸಿಕೊಟ್ಟಾನ, ಅವನ್ನ ಒತ್ತತೀನಿ. ನನ್ನ ಮಗಾ ವಾರಕ್ಕೊಮ್ಮೆ ಕೇಳ್ತಾನ, ನಾ ವಾರಕ್ಕೊಮ್ಮೆ ಹೇಳ್ತೀನಿ."

ಮುದುಕಿ ಗುಂಡಿ ಅದುಮಿದರು. ಪೆಟ್ಟಿಗೆ ಕೆಮ್ಮಿ, ಗುಂಯ್‌ಗುಟ್ಟಿ, ತಾನಾಗಿಯೇ ಕೌದಿಯನ್ನು ತೆರೆಯಿತು. ಮೂಲೆಯಲ್ಲಿ ತಾರೀಖು ಎರಡು ಸಾವಿರದ ಎರಡನೇ ಇಸವಿ, ಜನವರಿ ಒಂದು. ಒಳಗಿನ ಪುಟ್ಟ ಬ್ಯಾಟರಿ ಸತ್ತಿದ್ದಕ್ಕೆ ಪ್ರತಿ ಸಲವೂ ಅಲ್ಲಿಂದಲೇ ಶುರು. ಆ ಮನೆಯಲ್ಲಿ ಪ್ರತಿ ಶುಕ್ರವಾರವೂ ಅದೇ ದಿನ. ಆ ದಿನ ಮದಾರಸಾಬ ಬದುಕಿದ್ದ. ಹುಲಗೆಮ್ಮ ಇನ್ನೂ ಏನನ್ನೂ ಬರೆದಿರಲಿಲ್ಲ.

ಅವಳು ಕುರ್ಚಿಯಲ್ಲಿ ಕೂತು ಬೆನ್ನು ನೆಟ್ಟಗೆ ಮಾಡಿದಳು. "ನಿಷ್ಠುರ ನಾನೇ," ಎಂದು ಟೈಪಿಸಿ ಪೂರ್ಣವಿರಾಮ ಇಟ್ಟಳು. ಹೆಬ್ಬೆರಳು ತಾನಾಗಿ ಎರಡು ಸಲ ಬಡಿಯಿತು. "ತಪ್ಪಾಯಿತು ಮದಾರಸಾಬ." ಮತ್ತೆ ಎರಡು ಸಲ. ಆಮೇಲೆ ಮುಚ್ಚಲು ಹೋದಳು.

ಕೌದಿ ಮುಚ್ಚಲಿಲ್ಲ. ಒಂದು ಗಳಿಗೆ ತಡೆದು, ಶಾಲೆಯಲ್ಲಿದ್ದ ಪ್ರತಿ ಎಂದೂ ತೋರಿಸದಿದ್ದ ಸಾಲೊಂದನ್ನು ತೋರಿಸಿತು.

"ಹರಕು ಅರಿವಿ ಆದ್ರೂ ಬೆಚ್ಚಗ ಇರ್ತೈತ್ರಿ, ಅಕ್ಕಾರ. ಊಟ ಆತೇನ್ರಿ?"

ಇದು ಗಿಣಿಯ ಮಾತಲ್ಲ. ಅವನೇ ಕೂತು ಬರೆದ ಸಾಲು. ಆ ಮೂರನೆಯ ಪತ್ರ ಓದಿದ ಮೇಲೆ, ಎರಡು ಸಲ ಜಾಗ ಬಿಡುವ ಕೈ ಎಂದಾದರೊಂದು ದಿನ ಇಲ್ಲಿ ಬಂದು ಟೈಪಿಸೀತು ಎಂದು ಅವಳಿಗಾಗಿಯೇ ಹೊಲಿದಿಟ್ಟ ಮೂಲೆ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ "ಕಂಪನೀದ ಹಾಕ್ರಿ" ಎಂದು ನಕ್ಕು ಹೋಗಿದ್ದ.

"ಏನಂತ ಕೇಳಾಕತ್ತೈತಿ?" ಎಂದರು ಮೆಹಬೂಬಬೀ.

ಹುಲಗೆಮ್ಮ ಸಾಲನ್ನು ಓದಿ ಹೇಳಿದಳು.

"ಹರಕು ಅರಿವಿ ಅಂದವರು ಯಾರು?"

"ನಾನು ಅಮ್ಮಾ. ಕದ್ದು, ಬ್ಯಾರೆ ಹೆಸರಿಲೆ ಅಂದಿದ್ದೆ. ನಿಮ್ಮ ಕೌದಿನೂ ಕೂಡಿಸಿ ಅಂದೆ."

ಮುದುಕಿಯ ಬೊಚ್ಚು ಬಾಯಿ ಅರಳಿತು. "ಹುಚ್ಚಿ! ಕೌದಿ ಹೊಲಿಯೂದ ಹರಕು ಅರಿವೀಲೆ ಅಲ್ಲೇನು? ಹೊಸಾದು ಹರದು ಯಾರರ ಕೌದಿ ಹೊಲಿತಾರ?"

ಪರದೆಯ ಮೇಲೆ ಪುಟ್ಟ ಗೆರೆಯೊಂದು ಮಿಟುಕುತ್ತ ಉತ್ತರಕ್ಕೆ ಕಾಯುತ್ತಿತ್ತು. ಹುಲಗೆಮ್ಮನ ಬೆರಳು ಮೇಲೆದ್ದು ಅಲ್ಲೇ ನಿಂತಿತು. ಅವಳು ಉಂಡಿರಲಿಲ್ಲ. ಅವನು ಕೇಳಿದಾಗ ಸುಳ್ಳು ಹೇಳಲು ಆಗಲಿಲ್ಲ.

ಮೆಹಬೂಬಬೀ ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ ತಂದು ಮುಂದಿಟ್ಟರು. ಪರದೆಯ ಬೆಳಕಿನಲ್ಲಿಯೇ ಕೂತು ಹುಲಗೆಮ್ಮ ಉಂಡಳು. ತುತ್ತು ಗಂಟಲಲ್ಲಿ ಇಳಿಯಿತು. ಅವಳು ಉಂಡು ಮುಗಿಸುವವರೆಗೂ ಪೆಟ್ಟಿಗೆ ಗುಂಯ್‌ಗುಟ್ಟುತ್ತ ಕಾದಿತ್ತು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು, "ಹೂಂ" ಎಂದು ಒತ್ತಿದಳು.

"ಛಲೋ ಆತು. ಹೋಗಿ ಬರ್ರಿ, ಅಕ್ಕಾರ."

ಪರದೆ ಕಪ್ಪಾಯಿತು. ಮುದುಕಿ ಕೌದಿ ಹೊದಿಸಿ, ಅದರ ಮೇಲೆ ಅಂಗೈ ಊರಿ ನಿಂತರು. "ಇಲ್ಲಿ ಕೈ ಇಟ್ಟು ನೋಡು ಬೇಟಿ."

ಹುಲಗೆಮ್ಮ ಕೈ ಇಟ್ಟಳು. ಒಳಗೆ ಯಾರೋ ಆಗಷ್ಟೇ ನಿದ್ದೆ ಹೋದ ಹಾಗೆ ಬೆಚ್ಚಗಿತ್ತು.