ಹನ್ನೊಂದನೇ ಪುಟದ ಅಡಿಟಿಪ್ಪಣಿ

ಮೂರು ಗಂಟೆ ಹತ್ತು ನಿಮಿಷಕ್ಕೆ, ವಿಭಾಗದ ಮೆಟ್ಟಿಲ ಮೇಲೆ ಕುಳಿತು ಪ್ರಬಂಧವನ್ನು ಕೊನೆಯ ಸಲ ಓದುತ್ತಿದ್ದಾಗ, ಹನ್ನೊಂದನೇ ಪುಟದಲ್ಲಿ ನಾನು ಬರೆಯದ ವಾಕ್ಯವೊಂದು ಸಿಕ್ಕಿತು.

ನಾಲ್ಕಕ್ಕೆ ಪ್ರಬಂಧ ಹಾಕುವ ಪೆಟ್ಟಿಗೆಗೆ ಬೀಗ ಬೀಳುತ್ತದೆ. ಸ್ಕೇಲು ಮೇಷ್ಟ್ರು ಮೊದಲ ದಿನವೇ ಹಂಚಿದ ಹಾಳೆಯಲ್ಲಿ ಒಂಬತ್ತು ನಿಯಮಗಳಿದ್ದವು. ಎಡಕ್ಕೆ ಒಂದೂವರೆ ಇಂಚು ಅಂಚು. ಹನ್ನೆರಡು ಪುಟ ಮೀರಬಾರದು. ಕೈಬರಹದ ತಿದ್ದುಪಡಿ ಸಲ್ಲದು. ಏಳನೆಯದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿಸಿದ್ದರು: ನಿಮ್ಮದಲ್ಲದ ಮಾತು ಉದ್ಧರಣ ಚಿಹ್ನೆಯೊಳಗಿರಲಿ, ಯಾರದು, ಯಾವಾಗ ಕೇಳಿದ್ದು ಎಂಬುದು ಪುಟದ ಅಡಿಯಲ್ಲಿರಲಿ. ಅಂಚನ್ನು ಅವರು ನಿಜಕ್ಕೂ ಸ್ಕೇಲಿಟ್ಟು ಅಳೆಯುತ್ತಿದ್ದರು. 'ನಗುವಾಗಲೂ ಎಡಗಡೆ ಒಂದೂವರೆ ಇಂಚು ಬಿಟ್ಟೇ ನಗ್ತಾರೆ' ಎಂದು ತರಗತಿಯಲ್ಲಿ ತಮಾಷೆ.

ನನಗೆ ನಗು ಬರುತ್ತಿರಲಿಲ್ಲ. ಹಿಂದಿನ ಸಲ ಗ್ರಂಥಾಲಯದ ಪುಸ್ತಕವೊಂದರ ಎರಡು ಸಾಲು ಚಿಹ್ನೆಯಿಲ್ಲದೆ ನನ್ನ ಪ್ರಬಂಧಕ್ಕೆ ನುಸುಳಿದ್ದವು. ನುಸುಳಿದ್ದವು ಎಂದು ಈಗಲೂ ಅನ್ನುತ್ತೇನೆ, ಆದರೆ ನಾನೇ ಇಳಿಸಿಕೊಂಡದ್ದು. ಮೇಷ್ಟ್ರು ಅಂಚಿನಲ್ಲಿ 'ಇದು ಯಾರ ಮಾತು?' ಎಂದು ಬರೆದು ಸೊನ್ನೆ ಕೊಟ್ಟರು. ಎರಡನೇ ಸಲವಾದರೆ ವಿಭಾಗದಿಂದಲೇ ಹೊರಗೆ.

ಪ್ರಬಂಧ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದ ಹೆಂಗಸರ ಬಗ್ಗೆ. ಹಳೆಯ ಕಡತಗಳಲ್ಲಿ ಅವರದೊಂದು ದೂರೂ ಇರಲಿಲ್ಲ. ನಾನು ಬರೆದದ್ದು: ಕೈ ಸುಟ್ಟುಕೊಂಡರೂ ಅವರು ಯಾರೂ ಮಾತಾಡಲಿಲ್ಲ. ಅಚ್ಚಾಗಿದ್ದದ್ದು: ಕೈ ಸುಟ್ಟುಕೊಂಡರೂ ಅವರನ್ನು ಯಾರೂ ಮಾತಾಡಿಸಲಿಲ್ಲ.

ಟೈಪ್ ಮಾಡಿದವಳು ಅಕ್ಕ. ಫೋನ್ ಹಚ್ಚಿದೆ.

"ಅಕ್ಕಾ, ಹನ್ನೊಂದನೇ ಪುಟದಲ್ಲಿ ಬೆರಳು ತಪ್ಪಿದೆ."

"ತಪ್ಪಿಲ್ಲ ಕಣೇ. ಸರಿ ಮಾಡಿದೀನಿ."

"ಯಾರು ಹೇಳಿದ್ರು ನಿಂಗೆ?"

"ಆರು ವರ್ಷ ಅಲ್ಲೇ ಬಟ್ಟೆ ಒಗೆದವಳಿಗೆ ಯಾರಾದ್ರೂ ಹೇಳ್ಬೇಕಾ?"

ಫೋನ್ ಇಟ್ಟೆ. ನಾನು ಓಡಿದೆ.

ಟೈಪಿಂಗ್ ಅಂಗಡಿ ಎರಡು ಬೀದಿಯಾಚೆ, ಬೀಗ ರಿಪೇರಿಯವನ ಪಕ್ಕದಲ್ಲಿ. ಅಕ್ಕ ಯಾರದೋ ಬಾಡಿಗೆ ಕರಾರು ಟೈಪ್ ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಬಂದ್ಲು ನೋಡು ಪಂಡಿತೆ. ಹಳೇದನ್ನೇ ಹಾಕ್ತೀನಿ, ಒಂದು ನಿಮಿಷದ ಕೆಲಸ. ನಿನ್ನ ಓದಿಗೆ ನಾನ್ಯಾಕೆ ಕಲ್ಲು ಹಾಕ್ಲಿ?"

ನನ್ನ ಪುಟ ತೆರೆದು 'ಮಾತಾಡಿಸಲಿಲ್ಲ'ದ 'ಸ' ಅಕ್ಷರದ ಮುಂದೆ ಕರ್ಸರ್ ನಿಲ್ಲಿಸಿದಳು. ಅವಳ ಮಣಿಕಟ್ಟಿನ ಮೇಲೆ ಇಸ್ತ್ರಿ ಯಂತ್ರದ ಕಲೆಯಿತ್ತು, ನುಣ್ಣಗೆ, ಹೊಳೆಯುತ್ತ. ಮನೆಯ ಬಾಗಿಲ ಚಿಲಕವನ್ನು ನೋಡುವಂತೆ ಅದನ್ನು ದಿನವೂ ನೋಡುತ್ತಿದ್ದೆ. ನಾಲ್ಕು ತಿಂಗಳು ಕಡತಗಳ ಧೂಳು ಕುಡಿದು, ರಾತ್ರಿ ಇವಳ ಪಕ್ಕದಲ್ಲೇ ಮಲಗಿದ್ದೆ. ಒಂದು ಮಾತೂ ಕೇಳಿರಲಿಲ್ಲ.

"ಅಳಿಸ್ಬೇಡ," ಎಂದೆ. "ನಿನ್ನ ವಾಕ್ಯನೇ ಇರ್ಲಿ. ಚಿಹ್ನೆ ಹಾಕು. ಕೆಳಗೆ ನಿನ್ನ ಹೆಸರು, ಕೆಲಸ."

"ನನ್ನ ಹೆಸರಾ? ನಾನೇನು ಪುಸ್ತಕನಾ?"

"ಹಾಕಕ್ಕಾ, ಟೈಮಿಲ್ಲ."

ಹಾಕಿದಳು. ಬೆರಳು ನಿಂತವು. "ಯಾವಾಗ ಕೇಳಿದ್ದು ಅಂತಾನೂ ಇರ್ಬೇಕಲ್ವಾ? ಯಾವಾಗ ಕೇಳ್ದೆ ನೀನು?"

ನಾನು ಗೋಡೆಯ ಗಡಿಯಾರ ನೋಡಿದೆ. ಮೂರು ಮೂವತ್ತೆಂಟು.

"ಇವತ್ತಿನ ತಾರೀಖು ಹಾಕು."

ಅಡಿಟಿಪ್ಪಣಿ ಸೇರಿದ್ದೇ ಕೊನೆಯ ಮೂರು ಸಾಲು ಹದಿಮೂರನೇ ಪುಟಕ್ಕೆ ಜಾರಿದವು.

"ಅಕ್ಷರ ಸಣ್ಣ ಮಾಡ್ಲಾ?"

"ಅಳತೆ ಬಿಟ್ಟು ಬೇರೇನೂ ಕಾಣ್ಸಲ್ಲ ಮೇಷ್ಟ್ರಿಗೆ. ಬೇಡ."

"ಹಾಗಾದ್ರೆ ಯಾವುದನ್ನ ಕತ್ತರಿಸ್ಲಿ? ಬೇಗ ಹೇಳು."

ನಾನು ತೋರಿಸಿದ್ದು ನನ್ನ ಮುಕ್ತಾಯದ ಸಾಲುಗಳನ್ನೇ. 'ಮೌನವೇ ಅವರ ಪ್ರತಿಭಟನೆಯಾಗಿತ್ತು' ಎಂದು ಶುರುವಾಗುತ್ತಿದ್ದವು. ನಾಲ್ಕು ದಿನ ತಿದ್ದಿ ತೀಡಿದ್ದೆ.

"ಇದಾ? ಚೆನ್ನಾಗಿತ್ತಲ್ಲೇ."

"ಚೆನ್ನಾಗಿತ್ತು. ಅಷ್ಟೇ."

ಬಿಸಿ ಆರದ ಹಾಳೆಗಳನ್ನು ಎದೆಗವಚಿಕೊಂಡು ಓಡಿದೆ. ಮೆಟ್ಟಿಲು ಹತ್ತಿದಾಗ ಮೂರು ಐವತ್ತೇಳು. ಮೇಷ್ಟ್ರು ಬೀಗ ಹಿಡಿದು ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದರು.

"ಕೊಡಿ ಇಲ್ಲಿ."

ಸ್ಕೇಲಿಟ್ಟರು. ಪುಟ ಎಣಿಸಿದರು. ಎಣಿಸುತ್ತ ಹನ್ನೊಂದರಲ್ಲಿ ನಿಂತುಬಿಟ್ಟರು.

"ಇವರು ನಿಮಗೇನಾಗ್ಬೇಕು?"

"ಅಕ್ಕ, ಸರ್."

"ತಾರೀಖು ಇವತ್ತಿಂದು."

ಸುಳ್ಳು ಹೇಳುವಷ್ಟೂ ಉಸಿರು ಉಳಿದಿರಲಿಲ್ಲ. "ಹೌದು ಸರ್. ಇವತ್ತಿನವರೆಗೂ ನಾನು ಕೇಳಿರ್ಲಿಲ್ಲ."

ಅವರು ಆ ಸಾಲನ್ನು ಮತ್ತೆ ಓದಿದರು. ಕಚೇರಿಯೊಳಗೆ ಗುಮಾಸ್ತ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದ. ಕೊನೆಗೆ ಪ್ರಬಂಧ ಪೆಟ್ಟಿಗೆಯ ಸೀಳಿನೊಳಗೆ ಹೋಯಿತು. ಬೀಗ ಹಾಕುತ್ತ ಅವರು ಕೇಳಿದರು:

"ಇದೊಂದೇ ವಾಕ್ಯನಾ ಅವರು ಹೇಳಿದ್ದು?"

ನಾನು ಮೆಟ್ಟಿಲಿಳಿದೆ. ಅಂಗಡಿಗೆ ಮರಳಿದೆ.

"ತಿರುಗಿಸಿ ಕಳಿಸಿದ್ರಾ?" ಅಕ್ಕನ ಮುಖ ಬಿಳಚಿಕೊಂಡಿತು.

"ಇಲ್ಲ, ತಗೊಂಡ್ರು."

"ಮತ್ಯಾಕೆ ಮುಖ ಹಾಗೆ ಜೋತುಬಿದ್ದಿದೆ?"

ಸ್ಟೂಲ್ ಎಳೆದುಕೊಂಡು ಅವಳ ಎದುರು ಕುಳಿತೆ. ಅವಳ ಮಣಿಕಟ್ಟಿನತ್ತ ನೋಡುತ್ತ ಕೇಳಿದೆ: "ಇದು ಹೇಗಾಯ್ತು?"

"ಇರು, ಈ ಕರಾರು ಮುಗಿಸಿಬಿಡ್ತೀನಿ," ಎಂದಳು. ಬೆರಳುಗಳು ಮಾತ್ರ ಕೀಲಿಗಳ ಮೇಲೆ ಹಾಗೇ ಇದ್ದವು. ಒಂದು ಅಕ್ಷರವೂ ಮೂಡಲಿಲ್ಲ. ಈ ಸಲ ನಾನು ಕಾದೆ.